ಇಗರ್ಜಿಯ ಹಿಂಬದಿಯ ಪಾದೆ

ನಾನು ಚಿಕ್ಕವಳಿದ್ದಾಗ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬದ ಬುಟ್ಟಿಗೆ ಹೂ ಕೊಂಡು ತರುವ ರೂಢಿಯೇ ಇರಲಿಲ್ಲ. ಆಗಸ್ಟ್ 30ರಿಂದ ಒಂಬತ್ತು ದಿನಗಳ ನವೇನಾ ಪ್ರಾರ್ಥನೆ ನಡೆಯುವಾಗ, ಬೆಳಗ್ಗೆ ಬೇಗನೆದ್ದು ಬೇಲಿ, ಗದ್ದೆಯ ಬದು, ಗುಡ್ಡೆಯ ಅಂಚು ಸುತ್ತಿ ಕೇಪಳ, ಕರ್ಣಕುಂಡಲ, ನಂದಿಬಟ್ಟಲು ಕೊಯ್ದು ತಂದು ಬಾಲ ಮರಿಯಮ್ಮನಿಗೆ ಅರ್ಪಿಸುತ್ತಿದ್ದೆವು. ಈಚಿನ ವರ್ಷಗಳಲ್ಲಿ ನಮ್ಮ ಮಕ್ಕಳ ಬುಟ್ಟಿಗಳಲ್ಲಿ ಪೇಟೆಯ ಸೇವಂತಿಗೆಯೇ ತುಂಬಿಕೊಂಡಿತ್ತು. ಬೇಲಿಯಿದ್ದಲ್ಲಿ ಕಾಂಪೌಂಡು ಬಂದಿರುವಾಗ ಮಕ್ಕಳಾದರೂ ಏನು ಮಾಡಿಯಾರು?

ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ ಪರಿಸರ ಕಾಳಜಿಯ ಕುರಿತ ‘ಲೌದಾತೊ ಸಿ’ ಪರಿಪತ್ರವನ್ನು ನಮ್ಮ ಇಗರ್ಜಿಯಲ್ಲಿ ಓದಿ ಚರ್ಚಿಸಿದ ಬಳಿಕ, ಪರಿಸರಕ್ಕಾಗಿ ಏನಾದರೂ ಮಾಡಬೇಕೆಂದು ಪಾಲನಾ ಮಂಡಳಿ ತೀರ್ಮಾನಿಸಿತು. ಮೊದಲ ಯೋಜನೆ ಎಲ್ಲರಿಗೂ ಒಪ್ಪಿಗೆಯಾಗಿತ್ತು, ನನಗೂ. ಹಿಂಬದಿಯ ಮುರಕಲ್ಲಿನ ಪಾದೆಯ (ಬಂಡೆಹಾಸಿನ) ಮೇಲೆ ಕೆಂಪು ಮಣ್ಣು ಹಾಕಿಸಿ, ಹುಲ್ಲುಹಾಸು ಬೆಳೆಸಿ, ಅಂಚಿಗೆ ನರ್ಸರಿಯಿಂದ ತಂದ ಅಲಂಕಾರದ ತಾಳೆಗಿಡಗಳನ್ನು ನೆಡುವುದೆಂದು ಮಾತಾಗಿತ್ತು. ಮಣ್ಣಿನ ಒಂದು ಲೋಡು ಬಂದೂ ಬಿದ್ದಿತ್ತು.

ತಡೆದವರು ನಿವೃತ್ತ ಶಿಕ್ಷಕಿಯೊಬ್ಬರು. ಮಠದ ತೋಟದಲ್ಲಿ ಕಾಡುಹೂಗಳೂ ಸೊಪ್ಪುಗಳೂ ತಾವಾಗಿ ಬೆಳೆಯಲೆಂದು ಒಂದು ಭಾಗವನ್ನು ಮುಟ್ಟದೆ ಬಿಡಬೇಕೆಂದು ಅಸ್ಸಿಸಿಯ ಸಂತ ಫ್ರಾನ್ಸಿಸರು ಕೇಳಿಕೊಂಡಿದ್ದ ಸಂಗತಿ ಅದೇ ಪರಿಪತ್ರದ 12ನೆಯ ಪರಿಚ್ಛೇದದಲ್ಲಿದೆ ಎಂದು ಅವರು ಓದಿ ತೋರಿಸಿದರು. ನಾವೂ ಅದನ್ನು ಓದಿದ್ದೆವು, ಲಕ್ಷ್ಯ ಕೊಟ್ಟಿರಲಿಲ್ಲ. ಮರುವಾರ ಪೂಜೆ ಮುಗಿದ ಮೇಲೆ ಅವರು ನಮ್ಮನ್ನೆಲ್ಲ ಪಾದೆಗೆ ಕರೆದೊಯ್ದು, ಮಂಡಿಯೂರಿ ನೋಡಿ ಎಂದರು. ಮಳೆನೀರು ತೆಳ್ಳಗೆ ನಿಂತಿದ್ದ ಕಲ್ಲಿನ ತಗ್ಗುಗಳಲ್ಲಿ ಉಗುರಿಗಿಂತ ಚಿಕ್ಕ ನೀಲಿ ಹೂಗಳು ನೂರಾರು ಅರಳಿದ್ದವು. ಸಾರವಿಲ್ಲದ ಈ ನೆಲದಲ್ಲಿ ಬದುಕುವುದಕ್ಕಾಗಿಯೇ ಆ ಗಿಡವು ನೀರಿನಡಿಯ ಪುಟ್ಟ ಚೀಲಗಳಲ್ಲಿ ಸೂಕ್ಷ್ಮಜೀವಿಗಳನ್ನು ಹಿಡಿದು ಅರಗಿಸಿಕೊಳ್ಳುತ್ತದೆಯಂತೆ. ಅದರ ಮೇಲೆ ಗೊಬ್ಬರದ ಮಣ್ಣು ಹಾಕುವುದೆಂದರೆ ಅದನ್ನು ಹೂಳಿದಂತೆಯೇ. ಬಿದ್ದಿದ್ದ ಮಣ್ಣನ್ನು ಯುವಕರು ಸಿಮಿತ್ರಿಯ (ಸಮಾಧಿ ಸ್ಥಳದ) ಬದಿಗೆ ಸಾಗಿಸಿ, ಅಲ್ಲಿ ಪುನರ್ಪುಳಿ, ರಂಜ, ಸುರಗಿ ಗಿಡಗಳನ್ನು ನೆಟ್ಟರು.

ಬೇಲಿಯ ಉದ್ದಕ್ಕೆ ಕೇಪಳದ ಜೊತೆ ಈಶ್ವರಿ ಬಳ್ಳಿಯನ್ನೂ ಹಬ್ಬಿಸಿದ್ದೇವೆ; ಇಗರ್ಜಿಯ ಬೇಲಿಗೆ ಆ ಹೆಸರಿನ ಬಳ್ಳಿಯೇ ಎಂದು ಒಬ್ಬರು ನಕ್ಕದ್ದುಂಟು. ಎರಡನೆಯ ವರ್ಷ ಹುಳಗಳು ಎಲೆಗಳನ್ನು ಮುಕ್ಕಾಲು ತಿಂದು ಹಾಕಿದಾಗ, ಔಷಧಿ ಹೊಡೆಯಲು ಪಂಪು ಹೊತ್ತು ಬಂದ, ನಮ್ಮ ವಾರ್ಡಿನ ಮುಖಂಡರಾದ ಗುರಿಕಾರರನ್ನು ಬಾಗಿಲಲ್ಲೇ ನಿಲ್ಲಿಸಬೇಕಾಯಿತು. ಅವು ನಮ್ಮ ರಾಜ್ಯದ ಚಿಟ್ಟೆಯೆಂದು ಘೋಷಿತವಾದ, ಕಪ್ಪು ಹಳದಿ ರೆಕ್ಕೆಯ ದೊಡ್ಡ ಚಿಟ್ಟೆಯ ಮರಿಗಳು. ಈಶ್ವರಿ ಬಳ್ಳಿಯ ಕುಟುಂಬಕ್ಕೆ ಸೇರಿದ ಗಿಡಬಳ್ಳಿಗಳನ್ನು ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಹುಳವಿದ್ದ ಬೇಲಿ ಇಗರ್ಜಿಗೆ ಶೋಭೆಯಲ್ಲವೆಂಬ ಗುರಿಕಾರರ ಅಭಿಪ್ರಾಯ ಮಾತ್ರ ಇನ್ನೂ ಬದಲಾಗಿಲ್ಲ. ಆಮೇಲೊಮ್ಮೆ ಮದುವೆಯ ಮುನ್ನಾದಿನ ಸ್ವಚ್ಛತೆಯ ಹುರುಪಿನಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ಓಡಿಸಿ ಅರ್ಧ ಬೇಲಿಯನ್ನೇ ಸವರಿಬಿಟ್ಟರು. ಬುಡ ಉಳಿದಿದ್ದರಿಂದ ಮಳೆಗೆ ಮತ್ತೆ ಚಿಗುರಿತು.

ಹಿಂದಿನವರು ನೆಟ್ಟ ಅಕೇಶಿಯಾ ಮರಗಳನ್ನು ಏನು ಮಾಡುವುದೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಈ ಸಲದ ಹಬ್ಬದಲ್ಲಿ ಸೇವಂತಿಗೆ ಇಲ್ಲವೆನ್ನಲಾರೆ, ಆದರೆ ಕೇಪಳದ ಕೆಂಪು ಅನೇಕ ಬುಟ್ಟಿಗಳಲ್ಲಿ ಕಾಣಿಸಿತು. ಪಾದೆಯ ಹೂವನ್ನು ಕೀಳಬಾರದೆಂದು ಮಕ್ಕಳಿಗೆಲ್ಲ ಹೇಳಿಯೇ ಇದ್ದೆವು. ಆದರೂ ನನ್ನ ಮುಂದಿನ ಸಾಲಿನ ಪುಟ್ಟ ಹುಡುಗನೊಬ್ಬನ ಒದ್ದೆ ಅಂಗೈಗೆ ಒಂದು ನೀಲಿ ಹೂ ಅಂಟಿಕೊಂಡಿತ್ತು. ಎಷ್ಟು ಕೊಡವಿದರೂ ಅದು ಮರಿಯಮ್ಮನ ಪಾದಕ್ಕೆ ಬೀಳಲೊಲ್ಲದು.