ಬುಹೈಸ್ ಬೆಟ್ಟದವರ ಊರು ಯಾವುದು?

ಕಳೆದ ಶನಿವಾರ ಮಗಳು ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ.

ಶಾರ್ಜಾದಿಂದ ಮರುಭೂಮಿಯ ಮ್ಲೇಹಾ ಕಡೆ ಹೋಗಿದ್ದೆವು. ಅಲ್ಲಿನ ಫಾಯಾ ಪ್ರದೇಶ 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗಿನಿಂದ ನೋಡಬೇಕು ಅಂತ ಆಸೆ ಇತ್ತು. ಆದರೆ ನಾನು ಜಾಸ್ತಿ ಹೊತ್ತು ನಿಂತದ್ದು ಬುಹೈಸ್ ಬೆಟ್ಟದ ಬುಡದಲ್ಲಿ.

ಈಗ ಅಲ್ಲಿ ಕಲ್ಲು, ಮರಳು, ಅಲ್ಲೊಂದು ಇಲ್ಲೊಂದು ಮುಳ್ಳುಮರ ಅಷ್ಟೇ. ಸುಮಾರು 7,000 ವರ್ಷದ ಹಿಂದೆ ಅಲ್ಲೊಂದು ನೀರಿನ ಬುಗ್ಗೆ ಇತ್ತು, ಮಳೆಯೂ ಇವತ್ತಿಗಿಂತ ಚೆನ್ನಾಗಿ ಬರುತ್ತಿತ್ತು, ಕುರಿ, ಮೇಕೆ, ದನ ಹೊಡೆದುಕೊಂಡು ಜನ ಅಲ್ಲಿಗೆ ಬರುತ್ತಿದ್ದರು. 1996ರಿಂದ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದವರು ಶಾರ್ಜಾದವರ ಜೊತೆ ಸೇರಿ ಅಗೆದಾಗ ಒಂದು ದೊಡ್ಡ ಸ್ಮಶಾನವೇ ಸಿಕ್ಕಿತು. 500ಕ್ಕೂ ಹೆಚ್ಚು ಜನರ ಮೂಳೆ. ಜೊತೆಗೆ ಸಮುದ್ರದ ಚಿಪ್ಪಿನ ಮಣಿಗಳು. ಆ ಒಣಭೂಮಿಯಲ್ಲಿ ಸಮುದ್ರದ ಚಿಪ್ಪು! ಕುರಿ ಜೊತೆ ನಡೆದರೆ ಸಮುದ್ರ ಅಲ್ಲಿಂದ ದಿನಗಟ್ಟಲೆ ದಾರಿ.

ಅಗೆದವರ ಅಂದಾಜು ಹೀಗೆ. ಚಳಿಗಾಲಕ್ಕೆ ಕಡಲ ದಂಡೆ, ಮೀನು, ಚಿಪ್ಪು. ಚಳಿ ಮುಗಿದು ಮೇವು ಇರುವಾಗ ಬುಹೈಸ್. ಬಿಸಿಲು ಏರಿದರೆ ಒಳಗಿನ ಬೆಟ್ಟಸಾಲು. ಮತ್ತೆ ಕಡಲು.

ಇದನ್ನ ಮಗಳಿಗೆ ಹೇಳುತ್ತಿದ್ದೆ. ಅವಳು ಕೇಳಿದಳು, "ಅಪ್ಪಾ, ಹಾಗಾದ್ರೆ ಇವರ ಊರು ಯಾವುದು?"

ಅವಳಿಗೆ ಎಂಟು ವರ್ಷ. ಹುಟ್ಟಿದ್ದು ಇಲ್ಲೇ. ನಮ್ಮ ಕೊಪ್ಪಳ ಅಂದರೆ ಅವಳಿಗೆ ಜುಲೈ ತಿಂಗಳ ರಜೆ. "ನಿನ್ನ ಊರು ಯಾವುದು" ಅಂತ ಯಾರಾದರೂ ಕೇಳಿದರೆ ನನ್ನ ಮುಖ ನೋಡುತ್ತಾಳೆ. ಅವಳು ಸುಮ್ನೆ ಕೇಳಿದ್ದಲ್ಲ ಅನ್ನಿಸಿತು.

ನನಗೆ ನೆನಪಾದದ್ದು ನಮ್ಮೂರಿಗೆ ಬರುತ್ತಿದ್ದ ಕುರಿಯವರು. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ತರುಬುತ್ತಿದ್ದರು, ಗೊಬ್ಬರ ಆಗಲಿ ಅಂತ ಅಪ್ಪ ಅವರಿಗೆ ಜೋಳ ಅಳೆದು ಕೊಡುತ್ತಿದ್ದ. ರಾತ್ರಿ ಅವರ ಬೆಂಕಿ ಮುಂದೆ ಕೂತು ನಾನೂ ಇದೇ ಪ್ರಶ್ನೆ ಕೇಳಿದ್ದೆ. ಒಬ್ಬ ಅಜ್ಜ ಕಂಬಳಿ ಸರಿಮಾಡಿಕೊಂಡು ತನ್ನ ಊರಿನ ಹೆಸರು ಹೇಳಿದ. ವರ್ಷದಲ್ಲಿ ಒಂದೆರಡು ತಿಂಗಳೂ ಅಲ್ಲಿ ಇರುತ್ತಿರಲಿಲ್ಲ. ಆದರೂ ಹೆಸರು ಹೇಳಲು ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ಬುಹೈಸಿನಲ್ಲಿ ನನ್ನನ್ನು ಕಲಕಿದ ಸಂಗತಿ ಇನ್ನೊಂದಿದೆ. ಅಲ್ಲಿನ ಎಷ್ಟೋ ಜನ ಸತ್ತದ್ದು ಬೇರೆ ಕಡೆ ಅಂತ ಅಗೆದವರು ಹೇಳುತ್ತಾರೆ. ಕಡಲ ಹತ್ತಿರವೋ ಬೆಟ್ಟದಲ್ಲೋ ತೀರಿಕೊಂಡವರ ಮೂಳೆಗಳನ್ನು ಒಟ್ಟು ಮಾಡಿ, ಆ ಕಾಲ ಬಂದಾಗ ಹೊತ್ತು ತಂದು ಈ ಬುಗ್ಗೆ ಪಕ್ಕ ಹೂಳುತ್ತಿದ್ದರು. ಎದುರಿಗೆ ಮರಿ, ಮಕ್ಕಳು, ಸಾಮಾನು, ಅದರ ಜೊತೆ ಅಮ್ಮನದೋ ಅಣ್ಣನದೋ ಮೂಳೆಯ ಗಂಟು. ಎಷ್ಟು ದಿನ ಹೊತ್ತಿರಬೇಕು!

ಅಪ್ಪ ಹೋದದ್ದು ಒಂದು ಮೇ ತಿಂಗಳಲ್ಲಿ. ರಜೆ, ಟಿಕೆಟ್ ಅಂತ ನಾನು ಮನೆ ಮುಟ್ಟುವಷ್ಟರಲ್ಲಿ ಮೂರು ದಿನ ಆಗಿತ್ತು. ಅಸ್ಥಿಯನ್ನು ಗಡಿಗೆಯಲ್ಲಿ ಇಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಹೊಲದ ಬೇವಿನಮರಕ್ಕೆ ತೂಗುಹಾಕಿದ್ದರು, ನಾನು ಬರಲಿ ಅಂತ. ನಾನೇ ಇಳಿಸಿಕೊಂಡೆ. ತುಂಗಭದ್ರೆವರೆಗೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ತುಂಬಾ ಹಗುರ ಇತ್ತು.

ಮಗಳಿಗೆ ಅಲ್ಲಿ "ಈ ಬುಗ್ಗೆನೇ ಇರಬೇಕು ಕಣಮ್ಮ ಅವರ ಊರು" ಅಂದೆ. "ಇಲ್ಲಿ ಜಾಸ್ತಿ ದಿನ ಇರ್ತಾನೇ ಇರಲಿಲ್ವಲ್ಲ" ಅಂದಳು. ಹೌದು, ಇರಲಿಲ್ಲ.

ರಾತ್ರಿ ಅಣ್ಣನಿಗೆ ಫೋನ್ ಮಾಡಿ ಈ ವರ್ಷ ಕುರಿಯವರು ಬಂದರಾ ಅಂತ ಕೇಳಿದೆ. "ಬಂದಿದ್ರು, ಬೇವಿನ ಗಿಡದ ಬುಡಕ್ಕ ಮೂರು ರಾತ್ರಿ ತರುಬಿದ್ರು" ಅಂದ.