"ಮನ್ಯಾಗ ಏನೂ ಅನ್ನೂದಿಲ್ಲೇನು?"

ನಾನು ಇಲಿ ಸಾಕಿದ್ದೇನೆ ಅಂತ ಗೊತ್ತಾದವರು ಮೊದಲು ಇಲಿಯ ಬಗ್ಗೆ ಕೇಳುವುದಿಲ್ಲ. ಏನು ತಿನ್ನುತ್ತವೆ, ಕಚ್ಚುತ್ತವೆಯೋ ಎಂಬುದೆಲ್ಲ ಆಮೇಲಿನ ಮಾತು. ಮೊದಲು ಸ್ವಲ್ಪ ಹತ್ತಿರ ಬಂದು, ದನಿ ತಗ್ಗಿಸಿ, "ಮನ್ಯಾಗ ಏನೂ ಅನ್ನೂದಿಲ್ಲೇನು?" ಅನ್ನುತ್ತಾರೆ.

ಅಂತಾರ್ರೀ. ಎರಡು ವರ್ಷದಿಂದ ಅನ್ನುತ್ತಲೇ ಇದ್ದಾರೆ.

ಇಲಿಗಳು ಎರಡು, ಎರಡೂ ಹೆಣ್ಣು. ಹೆಸರು ಗಿರ್ಮಿಟ್ ಮತ್ತು ಮಿರ್ಚಿ. ಯಾಕೆ ಅಂತ ಹುಬ್ಬಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಚುರುಮುರಿಯ ಗಿರ್ಮಿಟ್ ಇದ್ದಲ್ಲಿ ಮಿರ್ಚಿ ಭಜಿ ಇರಲೇಬೇಕು. ಇಲಿಗೂ ಹಾಗೆಯೇ, ಒಂದನ್ನೇ ಇಟ್ಟರೆ ಮಂಕಾಗುತ್ತದೆ. ಮೈ ಬಿಳಿ, ತಲೆ ಭುಜ ಮಾತ್ರ ಕಪ್ಪು, ಸೆರಗು ಹೊದ್ದ ಹಾಗೆ. ಗಟಾರದಲ್ಲಿ ಓಡಾಡುವ ಹೆಗ್ಗಣಗಳಲ್ಲ. ಲ್ಯಾಬಿನ ಬಿಳಿ ಇಲಿಗಳ ಬಳಗ, ನೂರು ವರ್ಷಕ್ಕೂ ಮೇಲೆ ಮನುಷ್ಯರ ಕೈಯಲ್ಲೇ ಬೆಳೆದು ಬಂದದ್ದು. ಗೆಳತಿಯೊಬ್ಬಳು ಕೆಲಸ ಸಿಕ್ಕಿ ಪುಣೆಗೆ ಹೋಗುವಾಗ ಪಂಜರ ಸಮೇತ ನಮ್ಮ ಮಾಳಿಗೆಯ ಖೋಲಿಯಲ್ಲಿ ಬಿಟ್ಟುಹೋದಳು. ಹದಿನೈದು ದಿನ ಅಂದಿದ್ದಳು.

ಬೇಡ ಅನ್ನುವುದರಲ್ಲೂ ಒಬ್ಬೊಬ್ಬರದು ಒಂದೊಂದು ನಮೂನೆ. ಅದು ನನಗೆ ತಿಳಿಯಲು ತಡವಾಯಿತು. ಎಲ್ಲರಿಗೂ ಒಂದೇ ಭಾಷಣ ಮಾಡುತ್ತಿದ್ದೆ: ಇಲಿ ಭಾಳ ಜಾಣ, ಭಾಳ ಸ್ವಚ್ಛ, ದಿನಕ್ಕೆ ಹತ್ತು ಸಲ ಮುಖ ತೊಳೆಯುತ್ತದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಅತ್ತಿಯ ಚಿಂತೆ ನನ್ನ ಮದುವೆಯದು. "ನೋಡಾಕ ಬಂದವ್ರಿಗೆ ಏನ್ ಹೇಳೂದವಾ? ಹುಡುಗಿ ಎಂ.ಕಾಂ. ಮಾಡ್ಯಾಳ, ಇಲಿ ಸಾಕ್ಯಾಳ ಅಂತನಾ?" ಇದಕ್ಕೆ ಉತ್ತರ ಇಲ್ಲ, ಕೊಡಲೂಬಾರದು. ನಕ್ಕು ಚಹಾ ಇಡಲು ಎದ್ದುಹೋಗುತ್ತೇನೆ.

ಅಪ್ಪನಿಗೆ ಇದೊಂದು ಚೇಷ್ಟೆಯ ವಸ್ತು. ಕೆಳಗೆ ಜೋಳದ ಚೀಲದ ಹಿಂದೆ ಇಲಿಪಾಷಾಣ ಇಟ್ಟವರೂ ಅವರೇ. "ಕೆಳಗ ಪಾಷಾಣ, ಮ್ಯಾಲ ಪಾಯಸ" ಅಂತ ಬಂದವರಿಗೆಲ್ಲ ಹೇಳುತ್ತಾರೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ತಿಂದ ವಿಷ ಹೊರಬೀಳುವ ದಾರಿಯೇ ಇಲ್ಲ. ನನ್ನವು ಒಂದು ದಿನ ತಪ್ಪಿಸಿಕೊಂಡು ಕೆಳಗಿಳಿದರೆ ಕಥೆ ಮುಗಿಯಿತು. ಇದನ್ನು ಹೇಳಿದ ಮೇಲೆ ಅಪ್ಪ ಪಾಷಾಣ ತೆಗೆದು ಬೋನು ಇಟ್ಟರು. ಚೇಷ್ಟೆ ಮಾತ್ರ ನಿಂತಿಲ್ಲ.

ಗೆಳತಿಯರ ವಿಷಯದಲ್ಲಿ ತಪ್ಪು ನನ್ನದೇ. ಒಬ್ಬಳು ಬಂದಾಗ, ಮುಟ್ಟಿದರೆ ಹೆದರಿಕೆ ಹೋದೀತು ಅಂತ ಹೇಳದೆ ಕೇಳದೆ ಗಿರ್ಮಿಟ್‌ಳನ್ನು ಅವಳ ಹೆಗಲ ಮೇಲೆ ಬಿಟ್ಟೆ. ಅವಳು ಚೀರಿದ್ದು ಓಣಿಗೆಲ್ಲ ಕೇಳಿಸಿತು. ನಾಲ್ಕು ತಿಂಗಳು ಮಾತಾಡಲಿಲ್ಲ. ಈಗ ಯಾರೇ ಬರಲಿ, ಮಾಳಿಗೆಯ ಬಾಗಿಲು ಮುಚ್ಚಿರುತ್ತದೆ. ನೋಡಬೇಕು ಅಂದವರಿಗೆ ಮಾತ್ರ ತೆರೆಯುತ್ತೇನೆ.

ಕಾಕಾನ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಕಾಕಾನ ಪಡಸಾಲೆಯಲ್ಲಿ ಹನ್ನೆರಡು ವರ್ಷದಿಂದ ಒಂದು ಗಿಳಿ ಪಂಜರದಲ್ಲಿದೆ. ಶೀಗಿ ಹುಣ್ಣಿಮೆಗೆ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಹೊಲದಲ್ಲಿ ಊಟಕ್ಕೆ ಕೂತಾಗ ಅವನು ಎಲ್ಲರೆದುರು "ಮನಿಶ್ಯಾರು ಇಲಿ ಸಾಕ್ತಾರೇನಲೇ?" ಅಂದ. ನಾನು ಸುಮ್ಮನಿರಲಿಲ್ಲ. ಕಾಕಾ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ದೇಶದ ಗಿಳಿ ಸಾಕುವುದು ಅಪರಾಧ, ನನ್ನ ಇಲಿಗೆ ಅಂಥ ಯಾವ ತಕರಾರೂ ಇಲ್ಲ ಅಂದೆ. ಹೇಳಿದ್ದು ಖರೆ. ಆದರೆ ಆ ಜಾಗದಲ್ಲಿ, ಅಷ್ಟು ಮಂದಿಯೆದುರು ಹೇಳಿದ್ದು ತಪ್ಪು. ಕಾಕಾ ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ. ಗಿಳಿ ಈಗಲೂ ಅಲ್ಲೇ ಇದೆ. ಅರಣ್ಯ ಇಲಾಖೆಯವರಿಗೆ ಒಪ್ಪಿಸೋಣ ಅಂತ ಮೆತ್ತಗೆ ಹೇಳುವ ಅವಕಾಶವನ್ನು ಅಂದು ನಾನೇ ಕೆಡಿಸಿಕೊಂಡೆ.

ನಿಜವಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಅಜ್ಜಿ ಒಬ್ಬಳೇ.

ನನ್ನ ಕೈಯಲ್ಲಿ ಮಿರ್ಚಿಯನ್ನು ನೋಡಿದ ದಿನ ಅಜ್ಜಿ ಬೈಯಲಿಲ್ಲ, ಹೆದರಿದಳು. "ಇಲಿ ಬಿದ್ರ ಊರು ಬಿಡತಿದ್ರವಾ" ಅಂದಳು. ಅದು ಅವಳ ಅತ್ತೆ ಹೇಳಿದ ಕಥೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪಾತ್ರೆ-ಪಗಡ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರಂತೆ. ಅದು ಪ್ಲೇಗು. ಮುಂಬೈಯಲ್ಲಿ 1896ರಲ್ಲಿ ಕಾಣಿಸಿಕೊಂಡು ನಮ್ಮ ಕಡೆಗೂ ಬಂತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಫ್‌ಕಿನ್ ಲಸಿಕೆ ಚುಚ್ಚಿದರು. ಅದೇ ವರ್ಷ ಕರಾಚಿಯಲ್ಲಿ ಸಿಮೊನ್ ಎಂಬ ಫ್ರೆಂಚ್ ವೈದ್ಯ, ರೋಗ ಇಲಿಯ ಮೈಮೇಲಿನ ಚಿಗಟದಿಂದ ಹಬ್ಬುತ್ತದೆ ಅಂತ ತೋರಿಸಿದ. ಇಲಿ ಸತ್ತು ಮೈ ತಣ್ಣಗಾದ ಮೇಲೆ ಚಿಗಟ ಇನ್ನೊಂದು ಬೆಚ್ಚಗಿನ ಮೈ ಹುಡುಕಿಕೊಂಡು ಹಾರುತ್ತದೆ. ಊರು ಬಿಟ್ಟವರಿಗೆ ಚಿಗಟದ ಸಂಗತಿ ಗೊತ್ತಿರಲಿಲ್ಲ, ಆದರೆ ಮಾಡಿದ್ದು ಸರಿಯಾಗಿಯೇ ಇತ್ತು.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಪೂರಾ ಕೇಳಿ ಅವಳು ಒಂದೇ ಮಾತು ಕೇಳಿದಳು: "ಇವಕ್ಕ ಚಿಗಟ ಇಲ್ಲ ಅಂತ ಯಾರ್ ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ಮರುದಿನವೇ ಎರಡನ್ನೂ ಬುಟ್ಟಿಯಲ್ಲಿ ಹಾಕಿಕೊಂಡು ದನದ ಡಾಕ್ಟರ ಹತ್ತಿರ ಹೋದೆ. ಎಮ್ಮೆ, ನಾಯಿಗಳ ಸಾಲಿನಲ್ಲಿ ನಮ್ಮದೊಂದು ಬುಟ್ಟಿ. ಡಾಕ್ಟರು ಬ್ಯಾಟರಿ ಹಿಡಿದು ಕೂದಲು ಬಿಡಿಸಿ ನೋಡಿದರು. ಚಿಗಟ ಇರಲಿಲ್ಲ. ಪ್ಲೇಗಿಗಿಂತ ಇಲಿಜ್ವರದ ಕಡೆ ಲಕ್ಷ್ಯ ಇರಲಿ ಅಂದರು. ಅದು ಮೂತ್ರದಿಂದ ಬರುವ ರೋಗ, ಹೊರಗಿನ ಇಲಿ ಪಂಜರದ ಹತ್ತಿರ ಸುಳಿಯಬಾರದು, ಕೈಯಲ್ಲಿ ಗಾಯವಿದ್ದಾಗ ಪಂಜರ ತೊಳೆಯಬಾರದು. ಅಂದಿನಿಂದ ಕಿಟಕಿಗೆ ಸಣ್ಣ ಕಣ್ಣಿನ ಜಾಳಿಗೆ ಬಂತು. ಇದಿಷ್ಟೂ ಅಜ್ಜಿ ಕೇಳಿದ್ದಕ್ಕೆ ಆದದ್ದು. ನಮ್ಮನ್ನು ಪ್ರೀತಿಸುವವರು ಬೇಡ ಅಂದಾಗ ಆ ಬೇಡದೊಳಗೆ ಇಂಥದೊಂದು ಪ್ರಶ್ನೆ ಇದೆಯೋ, ಬರೀ "ಮಂದಿ ಏನಂತಾರ" ಇದೆಯೋ ಅಂತ ಈಗ ಮೊದಲು ನೋಡುತ್ತೇನೆ.

ಅಂದಹಾಗೆ, ನಮ್ಮ ಕಡೆ ಕೆಲವು ಮನೆಗಳಲ್ಲಿ ಗಣಪತಿ ಹಬ್ಬದ ಮರುದಿನ ಇಲಿವಾರ ಅಂತ ಇಲಿಗೂ ಎಡೆ ಇಡುತ್ತಾರೆ. ಅದನ್ನು ತೋರಿಸಿ ವಾದ ಗೆಲ್ಲಬಹುದು ಅಂತ ಹೊರಟಿದ್ದೆ. "ಅದು ಮಣ್ಣಿನ ಇಲಿ, ಮೇಯಾಕ ಬರೂದಿಲ್ಲ" ಅಂದಳು ಅವ್ವ.

ಅವ್ವನ ಕರಾರು ಮೂರು: ಅಡಿಗೆಮನೆಗೆ ತರಬಾರದು, ದೇವರ ಖೋಲಿಗೆ ತರಬಾರದು, ಅವಳನ್ನು ಮಾಳಿಗೆಗೆ ಕರೆಯಬಾರದು. ಮೂರನ್ನೂ ನಾನು ಮುರಿದಿಲ್ಲ. ಆದರೆ ಹೋದ ಚಳಿಗಾಲ ಅರಿವೆ ಒಣಹಾಕಲು ಮೇಲೆ ಹೋದವಳು ಮೆಟ್ಟಿಲ ಮೇಲಿನಿಂದಲೇ ಕೂಗಿದಳು: "ಆ ಸಣ್ಣದರ ಕಣ್ಣಾಗ ರಕ್ತ ಬರಾಕತ್ತೈತಿ ನೋಡ!" ಅದು ರಕ್ತವಲ್ಲ. ಇಲಿಗೆ ಮೈಯಲ್ಲಿ ಹುಷಾರಿಲ್ಲದಾಗ ಕಣ್ಣು ಮೂಗಿನ ಸುತ್ತ ಕೆಂಪು ದ್ರವ ಒಸರುತ್ತದೆ. ಮಿರ್ಚಿಗೆ ಉಸಿರಾಟದ ಸೋಂಕಾಗಿತ್ತು, ಸಾಕಿದ ಇಲಿಗಳಿಗೆ ಇದು ಸಾಮಾನ್ಯ. ಔಷಧಿ ಕೊಟ್ಟ ಮೇಲೆ ಇಳಿಯಿತು. ಎರಡು ಇಲಿಗಳಲ್ಲಿ ಸಣ್ಣದು ಯಾವುದು ಅಂತ ಅವ್ವನಿಗೆ ಹೇಗೆ ಗೊತ್ತಾಯಿತು ಅಂತ ನಾನು ಕೇಳಲಿಲ್ಲ.

ಹಾಗಂತ ಅವ್ವ ಬದಲಾಗಿದ್ದಾಳೆ ಅಂದುಕೊಳ್ಳಬೇಡಿ. ಇಲಿಯ ಆಯುಷ್ಯ ಎರಡು-ಮೂರು ವರ್ಷ ಅಂತ ಕೇಳಿದ ದಿನದಿಂದ ಅವಳು ಲೆಕ್ಕ ಇಟ್ಟಿದ್ದಾಳೆ. ನಾನು ಆಫೀಸಿನ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಎರಡು ಹೊತ್ತು ರೊಟ್ಟಿಯ ಚೂರು, ಸೌತೆಕಾಯಿ ಹಾಕುವವಳು ಅವಳೇ. ಕೈಯಿಂದ ಅಲ್ಲ, ಇಕ್ಕಳದಿಂದ. ಮುಖ ಆಕಡೆ ತಿರುಗಿಸಿ, ಸರಳಿನ ಸಂದಿಯಲ್ಲಿ ತೂರಿಸಿ ಇಳಿದುಬರುತ್ತಾಳೆ. ಆ ಇಕ್ಕಳ ಮತ್ತೆ ಅಡಿಗೆಮನೆಗೆ ಹೋಗಿಲ್ಲ. ಮಾಳಿಗೆಯ ಬಾಗಿಲ ಹಿಂದೆ ಒಂದು ಮೊಳೆ ಹೊಡೆಸಿ ಅದಕ್ಕೆ ತೂಗುಹಾಕಿದ್ದಾಳೆ.