ನಿಂತ ಕಾಲಿನ ಪಾಠ

ಕೊರಿಯಾದ ಸಮರಕಲೆ ಟೇಕ್ವಾಂಡೊದ ತರಗತಿಯ ಮೊದಲ ದಿನ, ಮೊದಲ ಅರ್ಧ ಗಂಟೆ ಒದೆತದ ಸುದ್ದಿಯೇ ಇರುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ತಲೆಬಾಗಿ ದೊಜಾಂಗ್, ಅಂದರೆ ಅಭ್ಯಾಸದ ಕೋಣೆಯ ಒಳಗೆ ಕಾಲಿಟ್ಟು, ದೊಬೊಕ್ ಎಂಬ ಬಿಳಿ ಸಮವಸ್ತ್ರ ತೊಟ್ಟು ಸಾಲಿನಲ್ಲಿ ನಿಂತ ಮೇಲೆ ಮೊದಲು ಕೈಕೊಡುವುದು ಬೆಲ್ಟು. ಅದರ ಒಂದು ತುದಿಯನ್ನು ಎಲ್ಲ ಪದರಗಳ ಅಡಿಯಿಂದ ಮೇಲಕ್ಕೆ ಎಳೆದು, ಎರಡನೆಯ ಗಂಟನ್ನು ಮೊದಲಿನದರ ವಿರುದ್ಧ ದಿಕ್ಕಿಗೆ ಹಾಕಬೇಕು. ಎರಡನ್ನೂ ಒಂದೇ ದಿಕ್ಕಿಗೆ ಹಾಕಿದರೆ ತುದಿಗಳು ಅಡ್ಡಕ್ಕೆ ಚಾಚದೆ ಮೇಲೆ ಕೆಳಗೆ ನಿಲ್ಲುತ್ತವೆ. ನಾಲ್ಕು ಸಲ ಜಿಗಿದರೆ ಬಿಚ್ಚಿಹೋಗುತ್ತದೆ.

ಆಜ್ಞೆಗಳೆಲ್ಲ ಕೊರಿಯನ್ನಿನಲ್ಲೇ. ಚರ್ಯೊತ್ ಎಂದರೆ ನೆಟ್ಟಗೆ ನಿಲ್ಲುವುದು, ಕ್ಯೊಂಗ್ಯೆ ಎಂದರೆ ವಂದನೆ, ಜುನ್ಬಿ ಎಂದರೆ ಸಿದ್ಧರಾಗುವುದು, ಸಿಜಾಕ್ ಎಂದರೆ ಶುರು. ಎಣಿಕೆ ಹಾನಾ, ದುಲ್, ಸೆತ್, ನೆತ್ ಎಂದು ಸಾಗುತ್ತದೆ. ವಾರದಲ್ಲಿ ಬಾಯಿಗೆ ಕೂರುತ್ತದೆ, ಇದಕ್ಕೆ ತಲೆಬಿಸಿ ಬೇಡ.

ಹೆಸರಿನಲ್ಲಿ ಟೇ ಎಂದರೆ ಕಾಲು, ಕ್ವಾನ್ ಎಂದರೆ ಮುಷ್ಟಿ, ಡೊ ಎಂದರೆ ದಾರಿ. 1955ರಲ್ಲಿ ದಕ್ಷಿಣ ಕೊರಿಯಾದ ಸೇನಾಧಿಕಾರಿ ಚೋಯ್ ಹಾಂಗ್ ಹಿ ಮುಂದಿಟ್ಟ ಹೆಸರಿದು. ಎರಡು ಸಾವಿರ ವರ್ಷದ ಕಲೆ ಎಂಬ ಮಾತು ಪೋಸ್ಟರಿಗೆ ಚೆನ್ನ. ಆದರೆ 1945ರಲ್ಲಿ ಕೊರಿಯಾ ಜಪಾನಿನ ಆಳ್ವಿಕೆಯಿಂದ ಬಿಡುಗಡೆಯಾದ ಆಸುಪಾಸಿನಲ್ಲಿ ಸಿಯೋಲ್‌ನಲ್ಲಿ ಸಮರಕಲೆಯ ಶಾಲೆ ತೆರೆದವರಲ್ಲಿ ಹಲವರು ಜಪಾನಿನಲ್ಲಿ ಕರಾಟೆ ಕಲಿತು ಬಂದವರು. ಚೋಯ್ ಕೂಡ ಅಂಥವರೇ. ಕೊರಿಯಾದಲ್ಲಿ ಟೆಕ್ಯೊನ್ ಎಂಬ ಹಳೆಯ ಕಾಲ್ವರಸೆಯೂ ಇತ್ತು ಎನ್ನುವುದು ನಿಜ. ಎರಡನ್ನೂ ಮುಚ್ಚಿಡದೆ ಹೇಳಿದರೆ ಈ ಕಲೆಯ ಮಾನವೇನೂ ಹೋಗುವುದಿಲ್ಲ.

ಸೇರುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಪರಂಪರೆ? ಚೋಯ್ 1966ರಲ್ಲಿ ಕಟ್ಟಿದ ಅಂತರರಾಷ್ಟ್ರೀಯ ಒಕ್ಕೂಟ ಐಟಿಎಫ್‌ನಲ್ಲಿ ತುಲ್ ಎನ್ನುವ, ಚಲನೆಗಳ ಕ್ರಮ ಗೊತ್ತುಮಾಡಿದ 24 ವರಸೆಗಳಿವೆ, ಕಾದಾಟದಲ್ಲಿ ತಲೆಗೂ ಕೈ ಬೀಸಬಹುದು. 1973ರಲ್ಲಿ ಹುಟ್ಟಿದ, ಈಗ ವರ್ಲ್ಡ್ ಟೇಕ್ವಾಂಡೊ ಎನಿಸಿಕೊಂಡ ಒಕ್ಕೂಟದ ಆಟ 2000ದ ಸಿಡ್ನಿಯಿಂದ ಒಲಿಂಪಿಕ್ಸ್ ಪದಕದ ಪಟ್ಟಿಯಲ್ಲಿದೆ. ಅಲ್ಲಿ ಮುಖಕ್ಕೆ ಗುದ್ದುವಂತಿಲ್ಲ. ಒಂದರಲ್ಲಿ ವರ್ಷಗಟ್ಟಲೆ ಬೆವರಿಳಿಸಿ ಇನ್ನೊಂದಕ್ಕೆ ಹೋದರೆ ವರಸೆಗಳನ್ನು ಮೊದಲಿನಿಂದ ಕಲಿಯಬೇಕು.

ಈಗ ಒದೆತ. ಆಪ್ ಚಾಗಿ, ಅಂದರೆ ಮುಂದಕ್ಕೆ ಒದೆಯುವುದರಲ್ಲಿ ನಾಲ್ಕು ಹಂತ: ಮೊಣಕಾಲು ಎದೆಯತ್ತ ಎತ್ತು, ಚಾಚು, ಮಡಿಸಿ ಎಳೆದುಕೋ, ಇಳಿಸು. ಹೊಸಬರು ಮೂರನೆಯದನ್ನು ನುಂಗಿಬಿಡುತ್ತಾರೆ. ಕಾಲು ಚಾಚಿದಲ್ಲೇ ಧೊಪ್ಪನೆ ಬಿದ್ದು, ಮೈಯೂ ಅದರ ಹಿಂದೆಯೇ ಮುಗ್ಗರಿಸುತ್ತದೆ. ಎದುರಾಳಿ ಆ ಕಾಲನ್ನು ಹಿಡಿಯುವುದೂ ಸುಲಭ. ತಗುಲಬೇಕಾದ್ದು ಬೆರಳುಗಳ ಬುಡದ ದಪ್ಪ ಭಾಗ. ಬೆರಳನ್ನು ಹಿಂದಕ್ಕೆ ಮಡಿಸಿ ಹಿಡಿಯದಿದ್ದರೆ ಪ್ಯಾಡಿಗೆ ಮೊದಲು ಬಡಿಯುವುದು ಹೆಬ್ಬೆರಳೇ. ಮಾರನೆಯ ದಿನ ಶೂ ಹಾಕುವಾಗ ನೆನಪಾಗುತ್ತದೆ.

ದೊಲ್ಯೊ ಚಾಗಿಯಲ್ಲಿ, ಅಂದರೆ ತಿರುಗಿ ಒದೆಯುವುದರಲ್ಲಿ, ಎಲ್ಲರ ಕಣ್ಣೂ ಹಾರುವ ಕಾಲಿನ ಮೇಲೆ. ಕಲಿಸುವವರು ನೋಡುವುದು ನೆಲದ ಮೇಲಿನ ಪಾದವನ್ನು. ಒದೆತ ಮುಟ್ಟುವ ಹೊತ್ತಿಗೆ ಆ ಪಾದದ ಹಿಮ್ಮಡಿ ಹೆಚ್ಚುಕಡಿಮೆ ಗುರಿಯ ಕಡೆಗೆ ಮುಖ ಮಾಡಿರಬೇಕು. ಪಾದ ನೆಲಕ್ಕೆ ಅಂಟಿಕೊಂಡಿದ್ದು ಸೊಂಟ ಮಾತ್ರ ತಿರುಗಿದರೆ, ಆ ತಿರುಚು ಪೂರ್ತಿ ಮೊಣಕಾಲ ಕೀಲಿನ ಮೇಲೆ ಬೀಳುತ್ತದೆ. ಎತ್ತರ ಸಿಗುವುದಿಲ್ಲ ಎಂದು ತೊಡೆಯನ್ನು ದೂರುವವರಲ್ಲಿ ಬಹಳ ಮಂದಿಗೆ ಅಡ್ಡಿಯಾಗಿರುವುದು ತಿರುಗದ ಈ ಪಾದ. ಗೋಡೆ ಹಿಡಿದು, ಮೊಣಕಾಲೆತ್ತಿ, ಒದೆಯದೆ ಹಿಮ್ಮಡಿ ತಿರುಗಿಸುವುದನ್ನಷ್ಟೇ ಒಂದೊಂದು ಬದಿಗೆ 20 ಸಲ ಮಾಡಿದರೆ ಬೇಗ ಸರಿಹೋಗುತ್ತದೆ. ಬೇಜಾರಿನ ಕೆಲಸ, ಒಪ್ಪಿದೆ.

ಐಟಿಎಫ್‌ನ ಮೊದಲ ತುಲ್ ಚೊನ್-ಜಿಯಲ್ಲೂ ಪರೀಕ್ಷೆ ಕಾಲಿನದ್ದೇ. ಆಕಾಶ-ಭೂಮಿ ಎಂಬರ್ಥದ ಇದರ 19 ಚಲನೆಗಳಲ್ಲಿ ಒದೆತ ಒಂದೂ ಇಲ್ಲ. ಬರೀ ತಡೆ, ಗುದ್ದು, ತಿರುವು. ಗುನ್ನುನ್ ಸೊಗಿ, ಅಂದರೆ ನಡೆಯುವ ಭಂಗಿಯ ನಿಲುವಿನ ಉದ್ದ ಭುಜದಗಲದ ಒಂದೂವರೆಯಷ್ಟು, ಅಗಲ ಒಂದು ಭುಜದಗಲದಷ್ಟು. ತಿರುಗುವ ಆತುರದಲ್ಲಿ ಈ ಅಗಲ ಮಾಯವಾಗಿ ಎರಡೂ ಪಾದ ಒಂದೇ ಗೆರೆಗೆ ಬರುತ್ತವೆ. ಗುದ್ದಿದೊಡನೆ ಮೈ ಓಲಾಡುತ್ತದೆ. ಶುರುವಿಗೆ ಮುನ್ನ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ. ಮುಗಿಸಿ ಮತ್ತೆ ಜುನ್ಬಿಗೆ ನಿಂತಾಗ ಪಾದ ಅದೇ ಗುರುತಿನ ಮೇಲಿರಬೇಕು. ಒಂದಡಿ ಆಚೆ ಇದ್ದರೆ ಎಲ್ಲೋ ಹೆಜ್ಜೆ ಗಿಡ್ಡವಾಗಿದೆ. ಹುಡುಕಬೇಕಾದ್ದು ಕೊನೆಯಲ್ಲಿ ಹಿಂದಕ್ಕೆ ಸರಿದು ಹೊಡೆಯುವ ಎರಡು ಗುದ್ದುಗಳಲ್ಲಿ. ಹಿಂದೆ ಕಾಣದ ನೆಲಕ್ಕೆ ಕಾಲು ಉದ್ದ ಚಾಚಲು ಯಾರಿಗೂ ಧೈರ್ಯ ಬರುವುದಿಲ್ಲ.